ಗಾಳಿ ಎಲ್ಲಿ ಸೋರುತ್ತಿತ್ತು

ಮೊಮ್ಮಗಳು ಮನೆಗೆ ಬಂದಳು! ನಿನ್ನೆ ಮಧ್ಯಾಹ್ನ, ಪುತ್ತೂರಿನ ಆಸ್ಪತ್ರೆಯಿಂದ ಮರ್ಕಂಜದ ನಮ್ಮ ಅಂಗಳದವರೆಗೆ, ನನ್ನದೇ ಜೀಪಿನಲ್ಲಿ, ನಾನೇ ಸ್ಟೇರಿಂಗ್ ಹಿಡಿದು ತಂದೆ. ದಾರಿಯಲ್ಲಿ ಕಂಡವರಿಗೆಲ್ಲ ಹೇಳಿದೆ. ಜಾಲ್ಸೂರಿನ ಹಣ್ಣಿನ ಅಂಗಡಿಯವನಿಗೆ ಹೇಳಿದೆ, ಸುಳ್ಯದಲ್ಲಿ ಡೀಸೆಲ್ ಹಾಕುವ ಹುಡುಗನಿಗೆ ಹೇಳಿದೆ, ಗುರುತು ಪರಿಚಯ ಇಲ್ಲದ ಒಬ್ಬ ಲಾರಿಯವ ತಿರುವಿನಲ್ಲಿ ದಾರಿ ಬಿಟ್ಟುಕೊಟ್ಟಾಗ ತಲೆ ಹೊರಗೆ ಹಾಕಿ ಅವನಿಗೂ ಹೇಳಿದೆ.

ಹಿಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡಿದ್ದ ನನ್ನ ಹೆಂಡತಿ, "ಸಾಕು ಮಾರಾಯ್ರೆ, ರಸ್ತೆ ನೋಡಿ. ಆ ಲಾರಿಯವನಿಗೆ ಎಂತಕ್ಕೆ ನಮ್ಮ ಪುಳ್ಳಿಯ ಸುದ್ದಿ?" ಎಂದಳು.

ಎಂತಕ್ಕೆ ಎಂದರೆ, ಹೇಳದಿದ್ದರೆ ನನ್ನ ಎದೆ ಒಡೆದುಹೋಗುತ್ತಿತ್ತು. ಈ ಸ್ಟೇರಿಂಗನ್ನು ನಾನು ಇನ್ನು ಮುಟ್ಟಲಿಕ್ಕಿಲ್ಲ ಎಂದು ಗಟ್ಟಿ ಮಾಡಿಕೊಂಡು ಕೂತವನು ನಾನು. ಮಗು ಮನೆಗೆ ಬರುತ್ತದೋ ಇಲ್ಲವೋ ಎಂದು ಯಾರೂ ಹೇಳಲು ತಯಾರಿಲ್ಲದ ದಿನಗಳೂ ಇದ್ದವು. ಆ ಕತೆಯನ್ನು ಬರೆದಿಡಬೇಕು ಎಂದು ಕಂಡಿತು. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದಲ್ಲಿ ಮಗಳು ತಿದ್ದುತ್ತೇನೆ ಎಂದಿದ್ದಾಳೆ.

ನಮ್ಮ ಕಡೆ ಮೊದಲ ಹೆರಿಗೆ ತವರಿನ ಪಾಲಿಗೆ. ಬಸುರಿಯನ್ನು ಆಸ್ಪತ್ರೆಗೆ ಸೇರಿಸುವುದೂ ಬಾಣಂತಿ ಮಗುವನ್ನು ಮನೆ ತುಂಬಿಸುವುದೂ ತವರಿನವರೇ. ನಮ್ಮ ಊರಿನಲ್ಲಿ ಅದಕ್ಕೆ ಬರುತ್ತಿದ್ದದ್ದು ನನ್ನ ಜೀಪು. ಸುಳ್ಯಕ್ಕೆ ಜನರನ್ನು ಹತ್ತಿಸಿಕೊಂಡು ಸರ್ವಿಸ್ ಮಾಡುವ ನಡುವೆ ಬಾಣಂತಿಯ ಬಾಡಿಗೆ ಬಂತೆಂದರೆ ಬೇರೆ ಪ್ರಯಾಣಿಕರನ್ನು ಹತ್ತಿಸುವುದಿಲ್ಲ, ಹಾರ್ನ್ ಹಾಕುವುದಿಲ್ಲ, ಹೊಂಡದಲ್ಲಿ ಒಂದನೇ ಗೇರು. ಆ ಮಕ್ಕಳು ದೊಡ್ಡವರಾಗಿ ಕಾಲೇಜಿಗೆ ಹೋಗಲು ಅದೇ ಜೀಪು ಹತ್ತಿದಾಗ, "ಏ, ನಿನ್ನನ್ನು ಈ ಊರಿಗೆ ತಂದದ್ದು ನಾನು. ಆಗ ಇಷ್ಟು ಜೋರಿರಲಿಲ್ಲ ನೀನು" ಎಂದು ರೇಗಿಸುವುದು ನನಗೊಂದು ಖುಷಿ.

ನನ್ನ ಒಬ್ಬಳೇ ಮಗಳನ್ನು ಕಡಬಕ್ಕೆ ಕೊಟ್ಟದ್ದು. ಅವಳು ಬಸುರಿ ಎಂದು ಗೊತ್ತಾದ ದಿನ ಫೋನಿನಲ್ಲಿ ಮೊದಲು ಹೇಳಿದ ಮಾತೇ, "ಅಪ್ಪ, ನಮ್ಮನ್ನು ಮನೆಗೆ ನೀವೇ ತರಬೇಕು. ಬೇರೆಯವರ ಗಾಡಿ ಬೇಡ." ನಾನು ಆಯಿತು ಎಂದೆ. ಅದಕ್ಕಿಂತ ದೊಡ್ಡ ಬಾಡಿಗೆ ನನಗೆ ಯಾವುದು?

ಆದರೆ ಆ ಹೊತ್ತಿಗಾಗಲೇ ನನಗೆ ಕಂಡಕಂಡಲ್ಲಿ ನಿದ್ದೆ ಬರಲು ಶುರುವಾಗಿತ್ತು. ಸ್ಟ್ಯಾಂಡಿನಲ್ಲಿ ಜೀಪು ತುಂಬುವುದಕ್ಕೆ ಕಾಯುತ್ತಾ ನಿದ್ದೆ. ಕ್ಷೌರದ ಕುರ್ಚಿಯಲ್ಲಿ ನಿದ್ದೆ. ಊಟಕ್ಕೆ ಕೂತರೆ ಅನ್ನ ಕಲಸಿದ ಕೈ ತಟ್ಟೆಯಲ್ಲೇ ಉಳಿದು ತಲೆ ಕೆಳಗೆ ಬಾಗುತ್ತಿತ್ತು. ಮುಖ ಸಾರಿಗೆ ಬೀಳದ ಹಾಗೆ ಹೆಂಡತಿ ತಟ್ಟೆಯನ್ನು ಮೆಲ್ಲ ಆಚೆ ಸರಿಸುತ್ತಿದ್ದಳು. ಅದು ಅವಳಿಗೆ ಎಷ್ಟು ಅಭ್ಯಾಸವಾಗಿತ್ತೆಂದರೆ ಮಾತಾಡುತ್ತಿದ್ದ ಮಾತು ನಿಲ್ಲಿಸದೆಯೇ ಸರಿಸುತ್ತಿದ್ದಳು. ಪ್ರಾಯ ಆಯಿತಲ್ಲ, ಅದಕ್ಕೆ ಎಂದುಕೊಂಡೆ. ರಾತ್ರಿಯ ಗೊರಕೆಯಂತೂ ಹಳೆಯ ಸಂಗತಿ. "ಸದ್ದು ಇದ್ರೆ ನಂಗೆ ಹೆದರಿಕೆ ಇಲ್ಲ. ಸದ್ದು ನಿಲ್ತದಲ್ಲ, ಆಗ ನಾನು ಎದ್ದು ಕೂತುಕೊಳ್ಳುದು" ಎಂದು ಅವಳು ಹೇಳಿದ್ದು ನನ್ನ ತಲೆಗೆ ಹೋಗಲಿಲ್ಲ.

ಒಂದು ಬೆಳಿಗ್ಗೆ ಎಲಿಮಲೆ ದಾಟಿದ ಮೇಲೆ ಜೀಪು ತಿರುವಿನಲ್ಲಿ ತಿರುಗದೆ ನೆಟ್ಟಗೆ ಹೋಗಿ ಚರಂಡಿಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಚೀಲದಲ್ಲಿ ಹುಂಜ ಇಟ್ಟುಕೊಂಡು ಕೂತಿದ್ದ ಒಬ್ಬಳು ಹೆಂಗಸು ಕೆಳಗಿಳಿದು ಚೀಲ ಬಿಚ್ಚಿ ನೋಡಿ, "ನನ್ನ ಕೋಳಿ ಎಚ್ಚರ ಉಂಟು. ಡ್ರೈವರೇ ಮಲಗಿದ್ದು" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಜೀಪಿನ ಸುತ್ತ ಬಂದು ಒಂದೊಂದೇ ಪರೀಕ್ಷೆ ಮಾಡಿದೆ. ಬ್ರೇಕು ಸರಿ ಇತ್ತು, ಸ್ಟೇರಿಂಗ್ ಸರಿ ಇತ್ತು. ಕೆಟ್ಟಿದ್ದದ್ದು ನಾನು.

ಅಳಿಯ ಪುತ್ತೂರಿಗೆ ಕರೆದುಕೊಂಡು ಹೋದ. ಒಂದು ರಾತ್ರಿ ಅಲ್ಲಿ ಮಲಗಿಸಿ ಪರೀಕ್ಷೆ ಮಾಡಿದರು. ಮೈಗೆಲ್ಲ ವಯರು, ಎದೆಗೂ ಹೊಟ್ಟೆಗೂ ಪಟ್ಟಿ, ಮೂಗಿನ ಕೆಳಗೆ ಒಂದು ನಳಿಗೆ. ಬೆಳಿಗ್ಗೆ ಡಾಕ್ಟ್ರು ಕಂಪ್ಯೂಟರಿನಲ್ಲಿ ಗೆರೆಗಳನ್ನು ತೋರಿಸಿದರು.

"ನೋಡಿ, ಇದು ಎದೆ. ಎಳೀತಾ ಉಂಟು. ಇದು ಹೊಟ್ಟೆ. ಅದೂ ಎಳೀತಾ ಉಂಟು. ಮೂಗಿನ ಗೆರೆ ನೋಡಿ. ಗಾಳಿಯೇ ಇಲ್ಲ."

ನನಗೆ ಅರ್ಥವಾಯಿತು. ಸ್ಟಾರ್ಟರ್ ತಿರುಗುತ್ತದೆ, ಡೀಸೆಲ್ ಪೈಪು ಕಟ್ಟಿಕೊಂಡಿದೆ. ನಿದ್ದೆ ಬಂದ ಕೂಡಲೇ ನನ್ನ ಗಂಟಲು ಮುಚ್ಚಿಕೊಳ್ಳುತ್ತದಂತೆ. ಉಸಿರು ಕಟ್ಟುತ್ತದೆ, ಮೈ ಗಾಬರಿಯಾಗಿ ಎಚ್ಚರಿಸುತ್ತದೆ, ಪುನಃ ಮುಚ್ಚುತ್ತದೆ. ಬೆಳಗಿನವರೆಗೂ ಅದೇ. ನಾನು ಮಲಗಿದ್ದೇನೆ ಎಂದುಕೊಂಡದ್ದೇ ಹೊರತು ನಿದ್ದೆ ಎನ್ನುವುದು ಎಷ್ಟೋ ಕಾಲದಿಂದ ನನಗೆ ಆಗಿರಲಿಲ್ಲ.

"ಒಂದು ಯಂತ್ರ ಕೊಡ್ತೇವೆ. ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದು ಹಿಡೀತದೆ. ಗಂಟೆಗೆ ಎಷ್ಟು ಸಲ ಉಸಿರು ನಿಲ್ತದೆ ಅಂತ ಅದೇ ಅಳೆದು ತೋರಿಸ್ತದೆ. ಅದು ಐದಕ್ಕಿಂತ ಕೆಳಗೆ ಬಂದು ನಿಲ್ಲಬೇಕು. ಹಗಲು ನಿದ್ದೆ ಪೂರ್ತಿ ಹೋಗಬೇಕು. ಅಲ್ಲಿವರೆಗೆ ನೀವು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ" ಎಂದರು ಡಾಕ್ಟ್ರು.

ಹೆರಿಗೆಗೆ ಇನ್ನೂ ತಿಂಗಳುಗಳಿದ್ದವು. ಅಷ್ಟರೊಳಗೆ ಸರಿಯಾಗುತ್ತೇನೆ ಎಂದುಕೊಂಡೆ. ಹೆಂಡತಿ ಜೀಪಿನ ಕೀಯನ್ನು ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟಳು.

ಯಂತ್ರ ಒಂದು ರೇಡಿಯೋದಷ್ಟು ದೊಡ್ಡದು. ಅದರಿಂದ ಒಂದು ಪೈಪು, ಪೈಪಿನ ತುದಿಗೆ ಮೂಗಿನ ಮೇಲೆ ಕೂರುವ ಮಾಸ್ಕು, ತಲೆಯ ಹಿಂದೆ ಬಿಗಿಯುವ ಪಟ್ಟಿ. ಮುಖಕ್ಕೆ ತಾಗುವಲ್ಲಿ ಮೆತ್ತಗಿನ ರಬ್ಬರಿನಂಥ ಅಂಚು. ಬೆಳಿಗ್ಗೆ ಎದ್ದಾಗ ಪರದೆಯಲ್ಲಿ ಉಸಿರು ನಿಂತ ಲೆಕ್ಕ ಬರುತ್ತದೆ, ಮಾಸ್ಕು ಸರಿಯಾಗಿ ಕೂತಿದ್ದರೆ ನಗುವ ಹಸಿರು ಮುಖ ಬರುತ್ತದೆ, ಸೋರಿದ್ದರೆ ಮುಖ ಸೊಟ್ಟ ಆಗುತ್ತದೆ. ಯಂತ್ರ ಕೊಡುವ ಅಂಗಡಿಯ ಹುಡುಗಿ ಎಲ್ಲ ಹೇಳಿಯೇ ಕೊಟ್ಟಿದ್ದಳು. ನಾನು ತಲೆ ಆಡಿಸಿದ್ದೆ.

ಮನೆಗೆ ತಂದು ಹಾಕಿ ನೋಡುವಾಗ ಮಾಸ್ಕಿನ ಮುಂಭಾಗದಲ್ಲಿ ಸುಯ್ಯೆಂದು ಗಾಳಿ ಹೋಗುವುದು ಕೈಗೆ ತಾಗಿತು. ಸೂಜಿಯಿಂದ ಚುಚ್ಚಿದಂಥ ಸಣ್ಣ ಸಣ್ಣ ತೂತುಗಳು. ಹೊಸ ಸಾಮಾನಿನಲ್ಲೇ ಪಂಕ್ಚರ್! ನಾನು ಜನ್ಮವಿಡೀ ಟ್ಯೂಬಿಗೆ ಪ್ಯಾಚ್ ಹಾಕಿದವನು. ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ, ಉಜ್ಜಿ, ಸೊಲ್ಯೂಷನ್ ಹಚ್ಚಿ, ಒಣಗಿದ ಮೇಲೆ ಅಂಟಿಸಿದೆ. ಸುಯ್ ಎನ್ನುವುದು ನಿಂತಿತು. ಬೆಳಿಗ್ಗೆ ಹಸಿರು ಮುಖ ನಗುತ್ತಿತ್ತು. ನನ್ನ ತಲೆ ಮಾತ್ರ ಒನಕೆಯಲ್ಲಿ ಕುಟ್ಟಿದ ಹಾಗೆ. ಮರುದಿನವೂ ಹಸಿರು ಮುಖ, ಮರುದಿನವೂ ತಲೆನೋವು, ವಾಂತಿ ಬಂದ ಹಾಗೆ. ಔಷಧಿ ಅಂದರೆ ಹೀಗೇ ಇರಬೇಕು ಎಂದು ಹಲ್ಲು ಕಚ್ಚಿದೆ. ಹೆಂಡತಿಗೆ ತಡೆಯಲಿಲ್ಲ. ಎಳೆದುಕೊಂಡು ಪುತ್ತೂರಿಗೆ ಹೋದಳು.

ಅಂಗಡಿಯ ಹುಡುಗಿ ಮಾಸ್ಕನ್ನು ಕೈಗೆ ತೆಗೆದುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

"ಅಜ್ಜ, ಇದು ಎಂತ ಇಲ್ಲಿ ಅಂಟಿಸಿದ್ದು?"

"ಪ್ಯಾಚ್. ಗಾಳಿ ಸೋರ್ತಾ ಇತ್ತು."

"ಅಯ್ಯೋ ದೇವರೇ! ಅದು ಸೋರಲಿಕ್ಕೇ ಇಟ್ಟದ್ದು ಅಜ್ಜ! ನೀವು ಬಿಟ್ಟ ಉಸಿರು ಹೊರಗೆ ಹೋಗುದು ಅಲ್ಲಿಂದ. ಇಷ್ಟು ದಿನ ನೀವು ಬಿಟ್ಟ ಉಸಿರನ್ನೇ ನೀವು ಪುನಃ ಎಳೀತಾ ಇದ್ರಿ!"

ಸೈಲೆನ್ಸರಿಗೆ ಬಟ್ಟೆ ತುರುಕಿ ಇಂಜಿನ್ ಓಡಿಸಿದ ಹಾಗೆ. ಹೆಂಡತಿ ನನ್ನನ್ನು ನೋಡಿದ ನೋಟ ಹೇಳುವುದು ಬೇಡ. ಹುಡುಗಿ ಪ್ಯಾಚ್ ಕಿತ್ತು, ಯಂತ್ರದಿಂದ ಉಗುರಿನಷ್ಟು ದೊಡ್ಡ ಕಾರ್ಡು ತೆಗೆದು ಕಂಪ್ಯೂಟರಿಗೆ ಹಾಕಿದಳು. ಅವಳು ಹೇಳಿದ್ದು ಇಷ್ಟು: ಯಂತ್ರ ತಾನು ಎಷ್ಟು ಗಾಳಿ ಕಳಿಸಿದೆ ಎಂದು ಅಳೆಯುತ್ತದೆ. ಮಾಸ್ಕಿನ ತೂತಿನಿಂದ ಎಷ್ಟು ಹೋಗಬೇಕೋ ಅದನ್ನು ಕಳೆಯುತ್ತದೆ. ಉಳಿದದ್ದರಲ್ಲಿ ಏರಿ ಇಳಿಯುವುದು ಉಸಿರು. ಏರಿಳಿತವಿಲ್ಲದೆ ಸುಮ್ಮನೆ ಹೋಗುತ್ತಲೇ ಇರುವುದು ಸೋರಿಕೆ. ಪರದೆಯ ಮೇಲೆ ಒಳ್ಳೆಯ ಉಸಿರು ಗುಡ್ಡದ ಹಾಗೆ ಉರುಟಾಗಿ ಏರಿ ಇಳಿಯುತ್ತದೆ. ಗುಡ್ಡದ ತಲೆ ಕಡಿದು ಚಪ್ಪಟೆ ಮಾಡಿದ ಹಾಗಿದ್ದರೆ ಗಂಟಲು ಅರ್ಧ ಮುಚ್ಚಿದೆ. ಗುಡ್ಡವೇ ಇಲ್ಲದೆ ಗದ್ದೆಯ ಹಾಗೆ ಮಟ್ಟವಾಗಿದ್ದರೆ ಉಸಿರು ನಿಂತಿದೆ. ನಾನು ನೋಡಿದೆ. ನನ್ನದರಲ್ಲಿ ಗದ್ದೆಯೇ ಜಾಸ್ತಿ.

ಮುಂದಿನ ವಾರಗಳು ಕಷ್ಟದವು. ತಲೆನೋವು ಹೋಯಿತು, ಆದರೆ ಸೊಟ್ಟ ಮುಖ ಬರಲು ಶುರುವಾಯಿತು. ಮಾಸ್ಕಿನ ಅಂಚಿನಿಂದ ಗಾಳಿ ನುಗ್ಗಿ ಕಣ್ಣಿಗೆ ಬಡಿಯುತ್ತಿತ್ತು. ಪಟ್ಟಿ ಬಿಗಿದೆ. ಮರುದಿನ ಇನ್ನೂ ಬಿಗಿದೆ. ರೇಡಿಯೇಟರ್ ಪೈಪು ಸೋರಿದರೆ ಕ್ಲಿಪ್ ಬಿಗಿಯುವುದೇ ತಾನೆ ಮದ್ದು? ಮೂಗಿನ ಮೇಲೆ ಗಾಯವಾಯಿತು. ಹೆಂಡತಿಗೆ ಪಾಪ ಅನಿಸಿ ತೆಂಗಿನೆಣ್ಣೆ ಬೆಚ್ಚಗೆ ಮಾಡಿ ಮಲಗುವ ಮೊದಲು ಮೂಗಿಗೂ ಕೆನ್ನೆಗೂ ಹಚ್ಚಿದಳು. ಹಾಯೆನಿಸಿತು. ನಮ್ಮಲ್ಲಿ ತೆಂಗಿನೆಣ್ಣೆ ಯಾವುದಕ್ಕೆ ಇಲ್ಲ? ಹುಟ್ಟಿದ ಮಗುವಿನ ನೆತ್ತಿಗೂ ಅದೇ, ಸುಟ್ಟ ಗಾಯಕ್ಕೂ ಅದೇ. ಮರುದಿನ ಗಾಳಿ ಇನ್ನಷ್ಟು ಸೋರಿತು. ನಾನು ಇನ್ನಷ್ಟು ಬಿಗಿದೆ. ಗಾಯ ದೊಡ್ಡದಾಯಿತು. ಅವಳು ಎಣ್ಣೆ ಜಾಸ್ತಿ ಹಾಕಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಉಸಿರು ನಿಂತ ಲೆಕ್ಕ ಐದಕ್ಕಿಂತ ಕೆಳಗೆ ಬಂತು! ನಾನು ಅಂಗಳದಲ್ಲಿ ಕುಣಿಯುವುದೊಂದು ಬಾಕಿ. ಸೊಟ್ಟ ಮುಖ ಇದ್ದರೆ ಇರಲಿ, ಡಾಕ್ಟ್ರು ಹೇಳಿದ್ದು ಐದಲ್ಲವೇ? ಆಗ ಏಳು ತಿಂಗಳು ತುಂಬಿ ಮಗಳು ನಮ್ಮಲ್ಲಿಗೆ ಬಂದಾಗಿತ್ತು. "ಅಪ್ಪ, ಇನ್ನು ಕೀ ಅಕ್ಕಿಯಿಂದ ತೆಗೀಬಹುದು" ಎಂದು ಅವಳೂ ನಕ್ಕಳು. ಅದೇ ಸಂತೋಷದಲ್ಲಿ ಬಸ್ಸು ಹತ್ತಿ ಪುತ್ತೂರಿಗೆ ಹೋದೆ. ಬಸ್ಸಿನಲ್ಲಿ ನಿದ್ದೆ ಹೋಗಿ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಎಬ್ಬಿಸಬೇಕಾಯಿತು. ಅದನ್ನು ನಾನು ಯಾರಿಗೂ ಹೇಳಲಿಲ್ಲ.

ಹುಡುಗಿ ಗೆರೆಗಳನ್ನು ನೋಡಿ ಬೆರಳನ್ನು ಕೆಳಗಿನ ಗೆರೆಗೆ ಇಟ್ಟಳು.

"ಅಜ್ಜ, ಈ ನಂಬರು ನಂಬಬೇಡಿ. ಸೋರಿಕೆ ಇಷ್ಟು ದೊಡ್ಡದಿದ್ರೆ ನಿಮ್ಮ ಉಸಿರು ಎಲ್ಲಿ ನಿಂತಿತು ಅಂತ ಯಂತ್ರಕ್ಕೆ ಕಾಣುದೇ ಇಲ್ಲ. ಕಾಣದ್ದನ್ನು ಅದು ಲೆಕ್ಕ ಮಾಡುದಿಲ್ಲ."

"ಹಾಗಾದ್ರೆ ಕಡಿಮೆ ಆದದ್ದು?"

"ಕಡಿಮೆ ಆದದ್ದಲ್ಲ, ಕಾಣದೆ ಹೋದದ್ದು. ಸ್ವಲ್ಪ ಸಡಿಲ ಮಾಡಿ ನೋಡಿ ಅಜ್ಜ. ಬಿಗಿದಷ್ಟೂ ಅಂಚು ಮಡಚಿಕೊಳ್ತದೆ."

ಡಾಕ್ಟ್ರು ಕೂಡ ಓಡಿಸುವುದು ಇನ್ನೂ ಬೇಡ ಎಂದು ತಲೆ ಅಲ್ಲಾಡಿಸಿದರು. ಮನೆಗೆ ಬಂದು ಸಡಿಲ ಮಾಡಿದೆ. ಜಾರಿ ಗಲ್ಲಕ್ಕೆ ಬಂತು. ಎಣ್ಣೆಯ ಮುಖದ ಮೇಲೆ ಅದು ನಿಲ್ಲುವುದಾದರೂ ಹೇಗೆ, ಎಂದು ಈಗ ಬರೆಯುವಾಗ ಸುಲಭ. ಆಗ ನನಗೂ ಹೊಳೆಯಲಿಲ್ಲ, ಹೆಂಡತಿಗೂ ಹೊಳೆಯಲಿಲ್ಲ. ಹುಡುಗಿಗೆ ಗೊತ್ತಾಗುವ ಹಾಗೂ ಇರಲಿಲ್ಲ. ಪೇಟೆಗೆ ಹೋಗುವಾಗ ನಾನು ಮುಖಕ್ಕೆ ಸೋಪು ಹಾಕಿ, ಮಾಸ್ಕನ್ನು ಬಿಸಿನೀರಿನಲ್ಲಿ ತೊಳೆದು ಹೋಗುತ್ತಿದ್ದೆ.

ಆ ವಾರ ಮಾಸ್ಕು ತೆಗೆದು, ಪೈಪು ಸುತ್ತಿ, ಯಂತ್ರವನ್ನು ಅದರ ಚೀಲಕ್ಕೆ ಹಾಕಿ ಕಪಾಟಿನ ಮೇಲೆ ಇಟ್ಟೆ. ಬೆಳಗಾದರೆ ರಸ್ತೆಯಲ್ಲಿ ಜೀಪಿನ ಸದ್ದು. ಆಲೆಟ್ಟಿಯ ಕಡೆ ಓಡಿಸುತ್ತಿದ್ದ ಇನ್ನೊಬ್ಬ ಡ್ರೈವರ್ ಈಗ ನನ್ನ ಲೈನಿಗೆ ಬಂದಿದ್ದ. ಸ್ಟ್ಯಾಂಡಿನಲ್ಲಿ ಕ್ಯೂವಿನ ವಿಷಯಕ್ಕೆ ಅವನಿಗೂ ನನಗೂ ಎಷ್ಟು ಜಗಳ ಆಗಿದೆಯೋ. ಅವನು ಗೇಟಿನ ಹತ್ತಿರ ನಿಧಾನ ಮಾಡಿ, "ಎಂತ ಅಣ್ಣ, ಮೂಗಿಗೆ ಹೊಸ ಸೈಲೆನ್ಸರ್ ಹಾಕಿಸಿದ್ರಂತೆ? ಪಾಸಾಯ್ತಾ?" ಎಂದು ಕೇಳುವನು. ಮೊದಲಾಗಿದ್ದರೆ ನಾಲ್ಕು ಮಾತು ತಿರುಗಿ ಕೊಡುತ್ತಿದ್ದೆ. ಆಗ ಜಗಲಿಯಲ್ಲಿ ಕೂತು ನೆಲ ನೋಡಿದೆ. ಅಂಗಳದಲ್ಲಿ ನನ್ನ ಜೀಪಿನ ಸೀಟಿನ ಮೇಲೆ ನಮ್ಮ ಬೆಕ್ಕು ಮರಿ ಹಾಕಿತ್ತು. ಅದನ್ನು ಅಟ್ಟಲು ಮನಸ್ಸಾಗಲಿಲ್ಲ. ಅದಕ್ಕಾದರೂ ಬರಲಿ ಉಪಯೋಗಕ್ಕೆ ಎಂದು ಬಿಟ್ಟೆ.

ಮಗಳಿಗೆ ನೋವು ಬಂದದ್ದು ದಿನಕ್ಕೆ ಬಹಳ ಮೊದಲೇ. ಬೆಳಿಗ್ಗೆ ತಿಂಡಿಯ ಹೊತ್ತು. ಅಳಿಯ ಕಡಬದಲ್ಲಿದ್ದ. ಆಂಬುಲೆನ್ಸಿಗೆ ಫೋನು ಮಾಡಿದರೆ ಎಲ್ಲಿಗೋ ಹೋಗಿದೆ, ಬರುವುದು ತಡ ಎಂದರು. ಮಗಳು ಕಂಬ ಹಿಡಿದು ನಿಂತು, "ಅಪ್ಪಾ" ಎಂದಳು, ಅಷ್ಟೇ. ನೋಡಿದ್ದು ಜೀಪನ್ನು. ಹೆಂಡತಿ ಒಳಗೆ ಓಡಿ ಅಕ್ಕಿ ಡಬ್ಬಿಗೆ ಕೈ ಹಾಕಿ ಕೀ ತಂದು ನನ್ನ ಮುಂದೆ ಹಿಡಿದಳು. ಅವಳ ಬೆರಳಿಗೆ ಅಕ್ಕಿಯ ಹುಡಿ ಮೆತ್ತಿತ್ತು.

ನಾನು ಕೈ ಚಾಚಿದೆ. ಆಮೇಲೆ ಹಿಂದೆ ತೆಗೆದುಕೊಂಡೆ.

"ಬೇಡ. ನನ್ನಿಂದ ಆಗುದಿಲ್ಲ. ಅವನಿಗೆ ಫೋನು ಮಾಡು."

"ಯಾರಿಗೆ?"

"ಆಲೆಟ್ಟಿಯವನಿಗೆ."

ಅವನು ಜೀಪಿನಲ್ಲಿದ್ದ ಜನರನ್ನು ದಾರಿಯಲ್ಲೇ ಇಳಿಸಿ ಬಂದ. ತಮಾಷೆ ಇಲ್ಲ, ಏನೂ ಇಲ್ಲ. "ಮಗಳು ಮುಂದೆ ಕೂತುಕೊಳ್ಳಲಿ. ಅಣ್ಣ, ನೀವೂ ಅತ್ತಿಗೆಯೂ ಹಿಂದೆ" ಎಂದ. ಮಗಳು ಹಲ್ಲು ಕಚ್ಚಿ ನರಳುತ್ತಿದ್ದಳು. ಸುಳ್ಯ ದಾಟಿದ್ದು ನೆನಪಿದೆ. ಜಾಲ್ಸೂರಿನ ತಿರುವು ನೆನಪಿದೆ. ಆಮೇಲೆ ಹೆಂಡತಿ ನನ್ನ ಭುಜ ಅಲ್ಲಾಡಿಸಿ, "ಏಳಿ, ಪುತ್ತೂರು ಬಂತು" ಎಂದದ್ದು ನೆನಪಿದೆ.

ಮಗಳು ನೋವಿನಲ್ಲಿ ಕೂಗುತ್ತಿದ್ದಾಗ ನಾನು ನಿದ್ದೆ ಹೋಗಿದ್ದೆ. ಕೀ ತೆಗೆದುಕೊಳ್ಳದೆ ಇದ್ದದ್ದು ಸರಿಯಾಯಿತು ಎಂದು ಯಾರೋ ಹೇಳಿದರು. ಸರಿಯೇ. ಆದರೆ ಅದರಿಂದ ನನಗೆ ಸಮಾಧಾನ ಸಿಗಲಿಲ್ಲ. ಆಸ್ಪತ್ರೆಯ ಮೆಟ್ಟಿಲಲ್ಲಿ ಕೂತು, ನನ್ನ ಕೆಲಸದ ಬದುಕು ಇಲ್ಲಿಗೆ ಮುಗಿಯಿತು, ಜೀಪನ್ನು ಯಾರಿಗಾದರೂ ಕೊಟ್ಟುಬಿಡುವುದು ಎಂದು ತೀರ್ಮಾನ ಮಾಡಿದೆ.

ಆಪರೇಷನ್ ಮಾಡಿ ಮಗುವನ್ನು ತೆಗೆದರು. ಹೆಣ್ಣು. ನನ್ನ ಅಂಗೈಗಿಂತ ಸ್ವಲ್ಪ ದೊಡ್ಡದು. ಅಳಿಯ ಬಂದು ತಲುಪುವಾಗ ಮಗುವನ್ನು ಗಾಜಿನ ಕೋಣೆಗೆ ತೆಗೆದುಕೊಂಡು ಹೋಗಿಯಾಗಿತ್ತು. ಶ್ವಾಸಕೋಶ ಇನ್ನೂ ಬಲಿತಿಲ್ಲ, ಗಾಳಿಯ ಒತ್ತಡ ಕೊಟ್ಟು ತೆರೆದು ಹಿಡಿಯಬೇಕು ಎಂದರು. ಉಳಿಯುತ್ತದಾ ಎಂದು ಅಳಿಯ ಕೇಳಿದ. "ನೋಡುವ" ಎಂದರು ಮಕ್ಕಳ ಡಾಕ್ಟ್ರು.

ನಾನು ಗಾಜಿಗೆ ಹಣೆ ಹಚ್ಚಿ ನೋಡಿದೆ. ಬಟ್ಟೆಯ ಟೊಪ್ಪಿ. ಮೂಗಿಗೆ ಸಣ್ಣ ನಳಿಗೆ. ಎರಡೂ ಬದಿಗೆ ಪೈಪು. ಮಾರಾಯ್ರೆ, ಅದು ನನ್ನದೇ ಮಾಸ್ಕು! ನನ್ನದರ ಮರಿ. ನಾನು ಚೀಲಕ್ಕೆ ತುಂಬಿಸಿ ಕಪಾಟಿನ ಮೇಲೆ ಎಸೆದದ್ದನ್ನು ಈ ಮುಷ್ಟಿಯಷ್ಟು ಜೀವ ಮೂಗಿಗೆ ಹಾಕಿಕೊಂಡು ಎದೆ ಎಳೆಯುತ್ತಿತ್ತು. ನಾನು ಅಲ್ಲೇ ಅತ್ತೆ. ಗಂಡಸರು ಅಳುವುದಕ್ಕೆ ಆ ಮೂಲೆಯಲ್ಲಿ ಸಾಕಷ್ಟು ಕತ್ತಲೆಯೂ ಇರಲಿಲ್ಲ.

ಪೈಪಿನ ಇನ್ನೊಂದು ತುದಿ ಒಂದು ನೀರಿನ ಬಾಟಲಿಯೊಳಗೆ ಮುಳುಗಿತ್ತು. ಅದರಲ್ಲಿ ಗುಳುಗುಳು ಗುಳ್ಳೆ ಬರುತ್ತಿತ್ತು. ಟ್ಯೂಬನ್ನು ನೀರಿನಲ್ಲಿ ಅದ್ದಿ ಗುಳ್ಳೆ ಕಂಡರೆ ಪಂಕ್ಚರ್ ಎಂದಲ್ಲವೇ ನನ್ನ ಲೆಕ್ಕ? ನಾನು ಹೆದರಿ, ಬಾಗಿಲಿಗೆ ಬಂದ ನರ್ಸಮ್ಮನಿಗೆ, "ಅಮ್ಮ, ಅಲ್ಲಿ ಗಾಳಿ ಸೋರ್ತಾ ಉಂಟು!" ಎಂದೆ.

"ಇಲ್ಲ ಅಜ್ಜ, ಗುಳ್ಳೆ ಬರಬೇಕು. ನೀರಿನಲ್ಲಿ ಪೈಪು ಎಷ್ಟು ಸೆಂಟಿಮೀಟರ್ ಮುಳುಗಿದ್ಯೋ ಅಷ್ಟು ಒತ್ತಡ ಮಗುವಿಗೆ ಸಿಗ್ತದೆ. ಗುಳ್ಳೆ ನಿಂತ್ರೆ ಎಲ್ಲೋ ಸೋರ್ತಾ ಉಂಟು ಅಂತ ಲೆಕ್ಕ."

ನನ್ನ ಯಂತ್ರದಲ್ಲಿ ಒತ್ತಡವನ್ನು ನೀರಿನ ಸೆಂಟಿಮೀಟರಿನಲ್ಲಿ ಹೇಳುವುದು ಏಕೆಂದು ಆಗ ತಿಳಿಯಿತು. ಆದರೆ ಅದಲ್ಲ ಮುಖ್ಯ.

ಮಗಳಿಗೆ ಏಳಲಾಗದ ಕಾರಣ ಎರಡನೆಯ ದಿನ ಹೆಂಡತಿಯನ್ನು ಕೈ ತೊಳೆಸಿ, ಅಂಗಿ ತೊಡಿಸಿ ಒಳಗೆ ಬಿಟ್ಟರು. ಅವಳು ಮಗುವಿನ ಮೇಲೆ ಬಾಗಿದ್ದು ಕಂಡಿತು. ಸ್ವಲ್ಪ ಹೊತ್ತಿಗೆ ಬಾಟಲಿಯಲ್ಲಿ ಗುಳ್ಳೆ ಕಡಿಮೆಯಾಯಿತು. ನಿಂತಿತು. ನಾನು ಗಾಜು ಬಡಿದೆ. ಒಳಗಿನಿಂದ ಗಂಟೆಯ ಸದ್ದು. ನರ್ಸಮ್ಮ ಓಡಿ ಬಂದವಳು ಪಟ್ಟಿಯನ್ನು ಬಿಗಿಯಲಿಲ್ಲ. ಯಂತ್ರವನ್ನು ನೋಡಲಿಲ್ಲ. ನೇರ ಮಗುವಿನ ಕೆನ್ನೆಗೆ ಬೆರಳಿಟ್ಟಳು.

"ಯಾರು ಎಣ್ಣೆ ಮುಟ್ಟಿಸಿದ್ದು?"

ಹೆಂಡತಿಯ ಸೆರಗಿನಲ್ಲಿ ಸಣ್ಣ ಬಾಟಲಿ ಇತ್ತು. "ಒಂದು ಹನಿ ಅಮ್ಮ. ನೆತ್ತಿಗೆ ಅಂತ. ಕೆನ್ನೆ ಒಣಗಿತ್ತು, ಅದಕ್ಕೆ ಸ್ವಲ್ಪ" ಎಂದು ಅವಳು ಅಳುತ್ತಿದ್ದಳು.

"ಎಣ್ಣೆ ತಾಗಿದ್ರೆ ಅಂಟು ಹಿಡಿಯುದಿಲ್ಲ ಅಜ್ಜಿ, ನಳಿಗೆ ಜಾರ್ತದೆ, ಗಾಳಿಯೆಲ್ಲ ಹೊರಗೆ ಹೋಗ್ತದೆ. ಮುಖಕ್ಕೆ ಮಾತ್ರ ಎಣ್ಣೆ ಬೇಡವೇ ಬೇಡ!"

ನರ್ಸಮ್ಮ ಕೆನ್ನೆ ಒರೆಸಿ, ಒಣಗಿಸಿ, ಹೊಸ ಪಟ್ಟಿ ಅಂಟಿಸಿ, ನಳಿಗೆಯನ್ನು ಹಗುರಾಗಿ ಕೂರಿಸಿದಳು. ಒಂದು ಗುಳ್ಳೆ ಬಂತು. ಮತ್ತೊಂದು. ಆಮೇಲೆ ಗುಳುಗುಳು.

ನಾನು ಗಾಜಿನ ಹೊರಗೆ ನನ್ನ ಮೂಗು ಮುಟ್ಟಿಕೊಂಡು ನಿಂತಿದ್ದೆ. ಗಾಯದ ಮೇಲೆ ಎಣ್ಣೆಯ ಜಿಡ್ಡು. ಎಣ್ಣೆ ತಾಗಿದ ರಬ್ಬರ್ ಉಬ್ಬಿ ಹಾಳಾಗುತ್ತದೆ, ಫ್ಯಾನ್ ಬೆಲ್ಟಿಗೆ ಎಣ್ಣೆ ಹತ್ತಿದರೆ ಜಾರುತ್ತದೆ ಎಂದು ಸ್ಟ್ಯಾಂಡಿನಲ್ಲಿ ಎಷ್ಟು ಜನರಿಗೆ ಬೈದಿಲ್ಲ ನಾನು! ಹೊರಗೆ ಬಂದ ಹೆಂಡತಿ ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಅವಳು ಇನ್ನೂ ಜೋರಾಗಿ ಅತ್ತಳು. "ನಿಮಗೂ ನಾನೇ ಮಾಡಿದ್ದಾ?" ಎಂದಳು.

"ಇಬ್ರೂ ಸೇರಿ ಮಾಡಿದ್ದು ಮಾರಾಯ್ತಿ. ನೀನು ಹಚ್ಚಿದೆ, ನಾನು ಬಿಗಿದೆ."

ಅದೇ ಸಂಜೆ ಆಲೆಟ್ಟಿಯವನ ಕೈಯಲ್ಲಿ ಮನೆಯಿಂದ ಯಂತ್ರ ತರಿಸಿಕೊಂಡು ಅಂಗಡಿಗೆ ಹೋದೆ. ಅಂಚು ಉಬ್ಬಿ ಮೆತ್ತಗಾಗಿತ್ತು, ಹೊಸತು ಹಾಕಿಸಿದೆ. ಹುಡುಗಿ ಅಲ್ಲೇ ಬೆಂಚಿನಲ್ಲಿ ಮಲಗಿಸಿ, ಗಾಳಿ ಬಿಟ್ಟು, ಮುಖದ ಮೇಲೆ ಮಾಸ್ಕು ಇಟ್ಟು ಒಮ್ಮೆ ಎತ್ತಿ ಕೂರಿಸಿದಳು. ಅಂಚು ಗಾಳಿ ತುಂಬಿ ತಾನೇ ಮುಖಕ್ಕೆ ಹೊಂದಿಕೊಂಡಿತು. ಆಮೇಲೆ ಪಟ್ಟಿ, ಬೆರಳು ಹೋಗುವಷ್ಟು ಸಡಿಲ. ಆಸ್ಪತ್ರೆಯ ಹತ್ತಿರ ಒಂದು ಕೋಣೆ ಮಾಡಿ ನಾವಿದ್ದೆವು. ಮಲಗುವ ಮೊದಲು ಮುಖಕ್ಕೆ ಸೋಪು, ಚೆನ್ನಾಗಿ ಒರೆಸುವುದು, ಎಣ್ಣೆ ಬಾಟಲಿ ಹೆಂಡತಿಯ ಚೀಲದ ಅಡಿಗೆ.

ಇಷ್ಟಾದ ಮೇಲೆ ಎಲ್ಲ ಸಲೀಸು ಎಂದಲ್ಲ. ನನಗೆ ಹಸಿರು ಮುಖ ಬಂದ ಬೆಳಿಗ್ಗೆಯೇ ಮಗು ಉಸಿರಾಡುವುದನ್ನೇ ನಿಲ್ಲಿಸಿತು. ನರ್ಸಮ್ಮ ಪಾದ ತಟ್ಟಿದ ಮೇಲೆ ಮುಖ ಹಿಂಡಿ ಅತ್ತಿತು. "ಬೇಗ ಹುಟ್ಟಿದ ಮಕ್ಕಳು ಉಸಿರು ಮರೀತವೆ ಅಜ್ಜ. ತಟ್ಟಿದ್ರೆ ನೆನಪಾಗ್ತದೆ. ಕೆಲವಕ್ಕೆ..." ಎಂದು ಅವಳು ಮಾತು ನಿಲ್ಲಿಸಿದಳು. ಆ ಮಾತಿನ ಉಳಿದ ಅರ್ಧವನ್ನು ನಾನು ತಿಂಗಳಿಡೀ ಹೊತ್ತುಕೊಂಡು ತಿರುಗಿದೆ. ಮಗಳು ದಿನವಿಡೀ ಗಾಜಿನ ಮುಂದೆಯೇ ಕೂತಿರುತ್ತಿದ್ದಳು. "ಅಪ್ಪ, ನಿಮ್ಮ ಹಾಗೆಯೇ ಆಯ್ತಲ್ಲ ಇವಳು" ಎಂದಳು ಒಮ್ಮೆ. ನನ್ನ ಕಾಯಿಲೆಯನ್ನೇ ಮಗುವಿಗೆ ಕೊಟ್ಟೆನೋ ಎಂದು ಡಾಕ್ಟ್ರ ಹತ್ತಿರ ಕೇಳಿದೆ. ಅಲ್ಲವಂತೆ. ನನ್ನದು ದಾರಿ ಮುಚ್ಚುವುದು, ಅವಳದು ನೆನಪು ತಪ್ಪುವುದು. ಅಲ್ಲ ಎಂದ ಮೇಲೂ ಎದೆಯ ಭಾರ ಹೋಗಲಿಲ್ಲ.

ದಿನಗಳು ಹೋದ ಹಾಗೆ ಬಾಟಲಿಯಲ್ಲಿ ಪೈಪನ್ನು ಮೇಲೆ ಮೇಲೆ ಎತ್ತಿದರು. ಅವಳಿಗೆ ಗಾಳಿ ಕಡಿಮೆ ಸಾಕಾಯಿತು. ಒಂದು ದಿನ ಇಳಿಸಿದರೆ ಮರುದಿನ ಪುನಃ ಏರಿಸಿದರು. ಕೊನೆಗೆ ನಳಿಗೆ ತೆಗೆದ ದಿನ ಅವಳ ಮೂಗನ್ನು ಮೊದಲ ಸಲ ನೋಡಿದೆವು. ಅಳಿಯ, "ಮೂಗು ನಮ್ಮ ಕಡೆಯದ್ದು" ಎಂದ. ಅದನ್ನು ಕೂಡ ನನ್ನ ಹೆಂಡತಿ ಬಿಟ್ಟುಕೊಡಲಿಲ್ಲ.

ನನ್ನ ಸರದಿ ಮೊನ್ನೆ ಬಂತು. ಕಾರ್ಡು ಹಾಕಿ ಹುಡುಗಿ ಪರದೆ ತಿರುಗಿಸಿದಳು. ಸೋರಿಕೆಯ ಗೆರೆ ನೆಲಕ್ಕೆ ಅಂಟಿತ್ತು. ಅದರ ಮೇಲೆ ಉರುಟು ಗುಡ್ಡ, ಅದರ ಹಿಂದೆ ಉರುಟು ಗುಡ್ಡ, ಸಾಲು ಸಾಲು. ಗದ್ದೆ ಹುಡುಕಿದರೆ ಅಲ್ಲೊಂದು ಇಲ್ಲೊಂದು.

"ಇದು ನಂಬುವ ನಂಬರಾ ಮಗಾ?" ಎಂದು ಕೇಳಿದೆ.

"ಇದನ್ನು ನಂಬಬಹುದು ಅಜ್ಜ."

ಡಾಕ್ಟ್ರು ಅಷ್ಟಕ್ಕೇ ಬಿಡಲಿಲ್ಲ. ಬಸ್ಸಿನಲ್ಲಿ ನಿದ್ದೆ ಬರ್ತದಾ, ಊಟದ ಮೇಲೆ ಬರ್ತದಾ, ಸುಮ್ಮನೆ ಕೂತಾಗ ಬರ್ತದಾ ಎಂದು ಒಂದೊಂದೇ ಕೇಳಿದರು. ನಾನು ಹೇಳಿದ್ದನ್ನು ಬಿಟ್ಟು ಹೆಂಡತಿಯ ಮುಖ ನೋಡಿದರು. ಅವಳು, "ಇಲ್ಲ ಡಾಕ್ಟ್ರೇ. ಈಗ ಎಚ್ಚರ ಇದ್ದು ಇದ್ದು ನನ್ನ ತಲೆ ತಿಂತಾರೆ" ಎಂದಳು. ಡಾಕ್ಟ್ರು ನಕ್ಕು, "ಹಾಗಾದ್ರೆ ಓಡಿಸಿ. ಮಾಸ್ಕು ಬಿಟ್ಟು ಮಲಗಿದ ಮರುದಿನ ಮಾತ್ರ ಕೀ ಮುಟ್ಟಬೇಡಿ" ಎಂದರು.

ಜೀಪಿನ ಬೆಕ್ಕಿನ ಮರಿಗಳನ್ನು ಬುಟ್ಟಿಗೆ ಹಾಕಿ, ಸೀಟು ತೊಳೆದು, ಬ್ಯಾಟರಿ ಚಾರ್ಜು ಮಾಡಿ ಕೊಟ್ಟದ್ದು ಆಲೆಟ್ಟಿಯವ. ನಿನ್ನೆ ಪುತ್ತೂರಿನಿಂದ ಬರುವಾಗ ಸುಳ್ಯದ ಸ್ಟ್ಯಾಂಡಿನಲ್ಲಿ ಅವನ ಜೀಪು ನಿಂತಿತ್ತು. ಬಾಣಂತಿಯ ಗಾಡಿಗೆ ಹಾರ್ನ್ ಹಾಕಬಾರದೆಂದು ಅವನಿಗೂ ಗೊತ್ತು. ಲೈಟು ಹಾಕಿ ತೆಗೆದು ಮಾಡಿದ.

ಸಂಜೆ ಅವನನ್ನೂ ಊಟಕ್ಕೆ ಕರೆದೆವು. ಕಡಬದಿಂದ ಅಳಿಯನ ತಾಯಿ ತಂದೆ ಬಂದಿದ್ದರು. ಚಾವಡಿಯಲ್ಲಿ ಎಲ್ಲರೂ ಸಾಲಾಗಿ ಕೂತೆವು. ಒತ್ತು ಶಾವಿಗೆ, ಕೋಳಿ ಸಾರು, ಮಗಳಿಗೆ ಬೇರೆಯಾಗಿ ಕಾಳುಮೆಣಸಿನ ಸಾರು. ಮಗು ನನ್ನ ಹಿಂದೆ ಚಾಪೆಯ ಮೇಲೆ ಮಲಗಿತ್ತು. ಮೂಗಿನಲ್ಲಿ ಏನೂ ಇಲ್ಲ.

"ಕೋಳಿ ಎಲ್ಲಿಂದ ಅತ್ತಿಗೆ?" ಎಂದು ಆಲೆಟ್ಟಿಯವ ಕೇಳಿದ.

"ಅವತ್ತು ಜೀಪು ಚರಂಡಿಗೆ ಇಳಿದಾಗ ಚೀಲದಲ್ಲಿ ಹುಂಜ ಇಟ್ಟುಕೊಂಡಿದ್ದ ಆ ಹೆಂಗಸೇ ತಂದುಕೊಟ್ಟದ್ದು. ಡ್ರೈವರಿಗೆ ಎಚ್ಚರ ಆಯ್ತಲ್ಲ, ಇನ್ನು ಕೋಳಿ ಕಾವಲು ಬೇಡ ಅಂತ ಹೇಳಿದ್ಲು."

ಎಲ್ಲರೂ ನಗುವಾಗ ನಾನು ನಗಲಿಲ್ಲ. ಹಿಂದೆ ತಿರುಗಿ ಅವಳ ಎದೆ ನೋಡುತ್ತಿದ್ದೆ. ಏರಿತು, ಇಳಿಯಿತು. ಉರುಟು ಗುಡ್ಡ, ಅದರ ಹಿಂದೆ ಮತ್ತೊಂದು ಉರುಟು ಗುಡ್ಡ. ನೋಡುತ್ತಾ ನೋಡುತ್ತಾ ನನ್ನ ತಲೆ ಸ್ವಲ್ಪ ಬಾಗಿತೋ ಏನೋ. ಬೀಗಿತ್ತಿಯ ಹತ್ತಿರ ಏನೋ ಹೇಳುತ್ತಿದ್ದ ಹೆಂಡತಿಯ ಕೈ, ಮಾತು ನಿಲ್ಲಿಸದೆಯೇ, ನನ್ನ ತಟ್ಟೆಯನ್ನು ಹಿಡಿಯಿತು.

"ಎಚ್ಚರ ಇದ್ದೇನೆ" ಎಂದೆ.

ಅವಳ ಮಾತು ನಿಂತಿತು. ಕೈಯೂ ಅಲ್ಲೇ ನಿಂತಿತು. ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ತಟ್ಟೆಯನ್ನು ಸರಿಸದೆ ಹಾಗೇ ಬಿಟ್ಟು, ಸೌಟು ತೆಗೆದುಕೊಂಡು ಇನ್ನಷ್ಟು ಸಾರು ಬಡಿಸಿದಳು.